ಹಳೆಯ ಹಾರ್ಮೋನಿಯಂ ಕೊಳ್ಳುವ ಮುನ್ನ

ಹಾಸನದ ಸೀಮೆಯಲ್ಲಿ ಸುಗ್ಗಿಯ ಕೆಲಸ ತೀರಿತೆಂದರೆ ನಾಟಕದ ಮಾತು ಮೊದಲಾಗುವುದು. ವಿಮಾನ ನಿಲ್ದಾಣದ ನೆಪದಿಂದ ಹೆಸರು ಕೇಳಿಬಂದ ಬೂವನಹಳ್ಳಿಯ ಸುತ್ತಿನಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯವರೆಗೆ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನಾಡುವ ಹಳ್ಳಿಗಳು ಅನೇಕವಾಗಿವೆ. ಈ ನಾಟಕಗಳಿಗೆ ಹಾರ್ಮೋನಿಯಮ್ಮೇ ಉಸಿರು. ಆದುದರಿಂದ ಹಳೆಯ ಪೆಟ್ಟಿಗೆಯೊಂದು ಮಾರಾಟಕ್ಕಿದೆಯೆಂದರೆ ಊರಿನ ತರುಣರು ಚಂದಾ ಎತ್ತಲು ಹೊರಡುತ್ತಾರೆ. ಮಗಳಿಗೆ ಸಂಗೀತ ಕಲಿಸಬೇಕೆಂಬ ತಂದೆಯೂ ಹಣ ಎಣಿಸತೊಡಗುತ್ತಾನೆ. “ಕಂಪೆನಿ ನಾಟಕದ ಕಾಲದ್ದು ಸ್ವಾಮಿ, ಒಳಗಿರುವುದೆಲ್ಲ ಪ್ಯಾರಿಸ್ಸಿನ ರೀಡು” ಎಂದು ಮಾರುವವನು ಹೇಳಿದ ಮಾತ್ರಕ್ಕೆ ಮರುಳಾಗಬಹುದೆ?

ಈ ವಾದ್ಯಕ್ಕೆ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಎಂಬಾತನು 1842ರಲ್ಲಿ ಹಕ್ಕುಪತ್ರ ಪಡೆದನು. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ನಾಟಕದವರು ಮೆಚ್ಚಿದ ಕಾಲು ಹಾರ್ಮೋನಿಯಂ ಬೇರೆ ಬಗೆಯದು. ಅದರಲ್ಲಿ ತಿದಿಯನ್ನು ತುಳಿಯುವುದರಿಂದ ಎರಡು ಕೈಗಳೂ ಮನೆಗಳ ಮೇಲೆ ಓಡಾಡಬಹುದು. ಸೀಸಪದ್ಯವೊಂದನ್ನು ಭೀಮನ ಪಾತ್ರಧಾರಿ ತಾರಸ್ಥಾಯಿಯಲ್ಲಿ ಎಳೆದು ನಿಲ್ಲಿಸಿದಾಗ ಅವನೊಡನೆ ನಿಲ್ಲಬಲ್ಲ ತುಂಬುನಾದ ಅದರದು. ವಿದ್ಯುತ್ತು ಹೋದರೂ ಅದು ಮೌನ ತಾಳುವುದಿಲ್ಲ. ನಡುರಾತ್ರಿಯ ಬಯಲಿನಲ್ಲಿ ಇದು ಸಣ್ಣ ಗುಣವಲ್ಲ!

ವಾದ್ಯದ ಬೆಲೆಯೆಲ್ಲ ಅದರ ಹಿತ್ತಾಳೆಯ ನಾಲಗೆಗಳಲ್ಲಿದೆ. ಜರ್ಮನಿಯ ‘ಜೂಬಿಲೇಟ್’, ಪ್ಯಾರಿಸ್ಸಿನ ‘ಕಾಸ್ರಿಯಲ್’ ಎಂಬ ಹೆಸರುಗಳಿಗೆ ಇಂದಿಗೂ ಗೌರವವುಂಟು. ಗುಜರಾತಿನ ಪಾಲಿತಾಣದ ನಾಲಗೆಗಳೂ ಹೆಸರಾದವು. ಆದರೆ ಹೆಸರಿಗಿಂತ ನಾಲಗೆಯ ಮೈಯನ್ನು ನೋಡಬೇಕು. ಶ್ರುತಿ ಏರಿಸಲು ನಾಲಗೆಯ ತುದಿಯನ್ನೂ ಇಳಿಸಲು ಬುಡವನ್ನೂ ಕೆರೆಯುವುದು ಪದ್ಧತಿ. ಹಲವು ಕೈಗಳು ಹಲವು ಸಲ ಕೆರೆದ ನಾಲಗೆ ತೆಳ್ಳಗಾಗಿ, ಒಂದು ದಿನ ಪದ್ಯದ ನಡುವೆಯೇ ಮುರಿಯುತ್ತದೆ. ಆದುದರಿಂದ ಮೇಲಿನ ಹಲಗೆಯನ್ನು ತೆಗೆಯಿಸಿ ನೋಡದೆ ಮುಂಗಡ ಕೊಡಕೂಡದು. ತೆಗೆಯಲು ಒಪ್ಪದವನಿಂದ ಕೊಳ್ಳಲೇ ಕೂಡದು.

ಅನಂತರ ತಿದಿಯನ್ನು ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಸುಮ್ಮನಿರಿ. ಗಾಳಿ ಬೇಗನೆ ಇಳಿದರೆ ತಿದಿಯ ಮಡಿಕೆ ಹರಿದಿದೆ, ಇಲ್ಲವೆ ಕೀಲು ಸಡಲಿದೆ. ಯಾವುದೋ ಸ್ವರ ತಾನಾಗಿ ಗುಂಯ್‌ಗುಟ್ಟಿದರೆ ಮನೆಯ ಕೆಳಗಣ ಮುಚ್ಚಳದ ತೊಗಲನ್ನು ಹುಳು ತಿಂದಿದೆ. ಇವೆರಡನ್ನೂ ಸರಿಪಡಿಸಬಹುದು. ಮರಕ್ಕೆ ಗೆದ್ದಲು ಹಿಡಿದಿದ್ದರೆ ಮಾತ್ರ ನಮಸ್ಕಾರ ಹೇಳಿ ಬರುವುದು ಲೇಸು. ಸಕಲೇಶಪುರದ ಕಡೆಯಂತಹ ಮಳೆನಾಡಿನಲ್ಲಿದ್ದ ಪೆಟ್ಟಿಗೆಯಾದರೆ ಮನೆಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆಯೇ ಎಂದು ಒಂದೊಂದನ್ನೂ ಒತ್ತಿ ನೋಡತಕ್ಕದ್ದು.

ಇನ್ನು ಶ್ರುತಿ. ಫ್ರಾನ್ಸಿನಲ್ಲಿ 1859ರಲ್ಲಿ ಗೊತ್ತುಪಡಿಸಿದ ಮಾನದಲ್ಲಿ ಆಧಾರಸ್ವರಕ್ಕೆ ಸೆಕೆಂಡಿಗೆ 435 ಕಂಪನ. 1939ರಲ್ಲಿ ಲಂಡನ್ನಿನ ಸಭೆ ಒಪ್ಪಿದ್ದು 440. ಹಳೆಯ ಮಾನದ ಪೆಟ್ಟಿಗೆಯನ್ನು ಈಗಿನ ಕೀಬೋರ್ಡಿನ ಪಕ್ಕದಲ್ಲಿಟ್ಟು ಅದೇ ಸ್ವರ ನುಡಿಸಿದರೆ ಸೆಕೆಂಡಿಗೆ ಐದು ಸಲ ನಾದ ಅಲುಗುತ್ತದೆ. ಹಾರ್ಮೋನಿಯಂ ಒಂದೇ ಇದ್ದರೆ ತಬಲವನ್ನು ಅದಕ್ಕೆ ಸೇರಿಸಿದರಾಯಿತು. ಎರಡನ್ನೂ ಕೂಡಿಸುವ ತಂಡದವರು ಮೊದಲೇ ಪರೀಕ್ಷಿಸಬೇಕು. ಇಡೀ ಪೆಟ್ಟಿಗೆಯನ್ನು ಕೆರೆದು ಏರಿಸುವೆನೆನ್ನುವವನಿಗೆ ಒಳ್ಳೆಯ ನಾಲಗೆಗಳನ್ನು ಒಪ್ಪಿಸಬಾರದು. ನಗರಗಳಲ್ಲಿ 1970ರ ದಶಕದ ಅನಲಾಗ್ ಸಿಂಥಸೈಸರುಗಳನ್ನು ಹುಡುಕಿ ಕೊಳ್ಳುವ ರಸಿಕರಿಗೂ ಇದೇ ಕಾಟ. ಅವು ಬಿಸಿಯೇರಿದಂತೆ ಶ್ರುತಿ ತಪ್ಪುತ್ತವೆ. ನಮ್ಮ ಪೆಟ್ಟಿಗೆ ಅಷ್ಟು ಚಂಚಲವಲ್ಲ.

ಕೊಳ್ಳಬೇಕೆ, ಬೇಡವೆ? ವರ್ಷಕ್ಕೊಂದು ನಾಟಕವಾಡುವ ಊರಿನವರು ಕೊಳ್ಳದಿರುವುದೇ ಮೇಲೆಂದು ನನಗೆ ತೋರುತ್ತದೆ. ವಾದ್ಯ ಸಮೇತ ಬರುವ ಮೇಷ್ಟರಿಗೆ ಸಂಭಾವನೆ ಕೊಟ್ಟರೆ ಸಾಕು. ಹನ್ನೊಂದು ತಿಂಗಳು ಮೂಲೆಯಲ್ಲಿ ಬಿದ್ದ ಪೆಟ್ಟಿಗೆ ಇಲಿಯ ಪಾಲು. ಭಜನೆ, ರಂಗಗೀತೆಗಳಲ್ಲಿ ಆಸಕ್ತಿಯುಳ್ಳ ಮನೆಗೆ ಎರಡು ಸಾಲು ನಾಲಗೆಯ ಹಳೆಯ ಕೈಪೆಟ್ಟಿಗೆ ನಿಜಕ್ಕೂ ಸಂಪತ್ತು.

ಆದರೆ ಮಗು ಕರ್ನಾಟಕ ಸಂಗೀತದ ಗಾಯನ ಕಲಿಯುತ್ತಿದ್ದರೆ? ಹಾರ್ಮೋನಿಯಮ್ಮಿನಲ್ಲಿ ಸ್ವರಗಳು ಮೆಟ್ಟಿಲಿನಂತೆ ನಿಂತಿರುವುವು; ಒಂದರಿಂದ ಇನ್ನೊಂದಕ್ಕೆ ಜಾರುವ ಗಮಕ ಅದಕ್ಕೆ ಒಲಿಯದು. ಸಮಭಾಗದ ಶ್ರುತಿಗೆ ಸೇರಿಸಿದ ಪೆಟ್ಟಿಗೆಯ ಅಂತರಗಾಂಧಾರವಂತೂ, ಒಂದು ಸ್ವರಸ್ಥಾನದ ಅಂತರವನ್ನು 100 ಭಾಗ ಮಾಡಿದರೆ, ಶುದ್ಧಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿರುತ್ತದೆ. ಇಲ್ಲಿ ‘ಶುದ್ಧ’ವೆಂದರೆ ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರವೆಂದರ್ಥ. ಆಕಾಶವಾಣಿ 1940ರಲ್ಲಿ ಈ ವಾದ್ಯವನ್ನು ಹೊರಗಿಟ್ಟಾಗ ವಿರೋಧಿಗಳು ಹೇಳಿದ ಕಾರಣಗಳೂ ಇಂತಹವೇ. 1971ರಲ್ಲಿ ಆ ನಿಷೇಧ ಸಡಿಲಾಯಿತು. ಎಳೆಯ ಕಿವಿ ಮೊದಲು ಕೇಳಿದ ಸ್ವರಕ್ಕೇ ಕಟ್ಟುಬೀಳುವುದು. ಅಂತಹ ಮನೆಯವರು ಅದೇ ಹಣದಿಂದ ತಂಬೂರಿಯನ್ನೋ ವಿದ್ಯುತ್ ಶ್ರುತಿಪೆಟ್ಟಿಗೆಯನ್ನೋ ಕೊಳ್ಳಲಿ.

ಕೊಂಡೇ ತಂದವರು ವಾದ್ಯವನ್ನು ಹೊರಗೋಡೆಗೆ ತಗಲದಂತೆ ಮಣೆಯ ಮೇಲಿಟ್ಟು, ವಾರಕ್ಕೆರಡು ಸಲವಾದರೂ ಎಲ್ಲ ಮನೆಗಳನ್ನೂ ನುಡಿಸುತ್ತಿರಬೇಕು. ಒಳಗೆ ಎಣ್ಣೆ ಹಾಕಬಾರದು. ಎಣ್ಣೆಗೆ ಧೂಳು ಅಂಟಿ ನಾಲಗೆ ಮೂಕವಾಗುವುದು.