ಯುವನಿಧಿಯ ಮೂರನೇ ಅಂಕಿ

‘ಯುವನಿಧಿ’ ಎಂದರೆ ನಮಗೆಲ್ಲ ನೆನಪಾಗುವುದು ಎರಡು ಅಂಕಿ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅದು 180. ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಗದವರಿಗಷ್ಟೇ ಈ ಭತ್ಯೆ. ಅದೂ ಗರಿಷ್ಠ ಎರಡು ವರ್ಷ. ನಡುವೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ.

ಜನರ ತೆರಿಗೆ ಹಣ ಕೊಡುವಾಗ ನಿಯಮ ಬೇಕೇ ಬೇಕು. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಭತ್ಯೆ ಇಲ್ಲ ಎಂಬುದನ್ನೂ ಒಪ್ಪಬಹುದು. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಂಥ ಕಾಡಂಚಿನ ಊರಿನಿಂದ ನೋಡಿದರೆ ಈ 180 ದಿನದ ಲೆಕ್ಕ ಬೇರೆಯೇ ಕಾಣುತ್ತದೆ. ಸಂಬಳದ ಕೆಲಸ ಬೇಕೆಂದರೆ ಇಲ್ಲಿಯವರು ಮೈಸೂರು, ಬೆಂಗಳೂರಿಗೇ ಹೋಗಬೇಕು. ಸಂದರ್ಶನಕ್ಕೆ ಬಸ್ ಚಾರ್ಜು, ಪಿಜಿಗೆ ಅಡ್ವಾನ್ಸ್, ಪರೀಕ್ಷೆಗೆ ಅರ್ಜಿ ಶುಲ್ಕ, ಎಲ್ಲವೂ ಮೊದಲ ಆರು ತಿಂಗಳಲ್ಲೇ ಬೀಳುವ ಖರ್ಚು. ಸಹಾಯ ಬರುವುದು ಆಮೇಲೆ.

ಅಷ್ಟರವರೆಗೆ ಕೈ ಖರ್ಚಿಗೆ ಅರಿಸಿನ, ಚೆಂಡು ಹೂವಿನ ಹೊಲದ ಕೂಲಿಯೇ ಗತಿ. ಭತ್ಯೆ ಪಡೆಯುವವರು ‘ನನಗೆ ಕೆಲಸವಿಲ್ಲ’ ಎಂದು ಸ್ವಯಂ ಘೋಷಣೆ ಕೊಡಬೇಕು. ನಾಲ್ಕು ದಿನ ಹೂ ಕೊಯ್ದವನು ಹಾಗೆ ಬರೆಯಬಹುದೇ ಎಂದು ಅಂಜುವುದು ಸಹಜ.

ಇನ್ನೊಂದು ಗೆರೆ ಇಸವಿಯದು. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾದ ಈ ಯೋಜನೆ 2022–23ನೇ ಸಾಲಿನಲ್ಲಿ ತೇರ್ಗಡೆಯಾದವರಿಂದ ಆರಂಭ. ಅದಕ್ಕೂ ಮೊದಲು, ಕೋವಿಡ್ ಕಾಲದಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಪಾಠ ಕೇಳಿ ಪಾಸಾದ ಅಣ್ಣ, ಅಕ್ಕಂದಿರು ಗೆರೆಯ ಆಚೆ ಉಳಿದರು. ಪಿಯುಸಿಗೇ ಓದು ಬಿಟ್ಟವರಂತೂ ಲೆಕ್ಕಕ್ಕೇ ಇಲ್ಲ.

ಕಾಯುವ ಅವಧಿಯನ್ನು ಮೂರು ತಿಂಗಳಿಗೆ ಇಳಿಸಲಿ. ಸುಗ್ಗಿಯ ಕೂಲಿಯನ್ನು ಉದ್ಯೋಗವೆಂದು ಎಣಿಸುವುದಿಲ್ಲ ಎಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಮುದ್ರಿಸಲಿ. ಬೊಕ್ಕಸಕ್ಕೆ ತುಸು ಭಾರವಾದರೂ ನಿಜವಾಗಿ ಕೆಲಸ ಹುಡುಕುವವರ ಕೈಗೆ ಹಣ ಹೊತ್ತಿಗೆ ಸರಿಯಾಗಿ ತಲುಪುತ್ತದೆ.

ಈ ವರ್ಷ ಕೊನೆಯ ಸೆಮಿಸ್ಟರ್‌ನಲ್ಲಿರುವವರು ಈಗಲೇ ಸಿದ್ಧರಾಗಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಕೊಳ್ಳಿ. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕೆಂಬ ನಿಯಮವೂ ಇರುವುದರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಜೋಪಾನವಾಗಿಡಿ. ಗಡಿಯಾಚೆ ಕೇರಳದಲ್ಲಿ ಕೆಲವು ವರ್ಷ ಓದಿ ಬಂದವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಅರ್ಜಿ ಸಲ್ಲಿಸುವುದು ಸೇವಾ ಸಿಂಧು ಪೋರ್ಟಲ್‌ನಲ್ಲಿ. ನಿಯಮ ಬದಲಾಗಲಿ ಎಂದು ಕೇಳೋಣ. ಅಲ್ಲಿಯವರೆಗೆ ಇರುವ ನಿಯಮವನ್ನು ಪೂರ್ತಿ ಓದಿಕೊಳ್ಳೋಣ.