‘ಎಷ್ಟು ಹಾಕ್ತೀರಿ ಮೇಡಂ?’

ಗೇಟು ದಾಟಿ ಐದು ನಿಮಿಷ ಆಗುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ಸುತ್ತು ಬಳಸಿ, ‘ಪಕ್ಕದ ಸೈಟು ಹೋದ ತಿಂಗಳು ಅಡಿಗೆ ಹನ್ನೆರಡು ಸಾವಿರಕ್ಕೆ ಹೋಯ್ತು’ ಎಂದು ಯಾರಿಗೋ ಹೇಳಿದ ಹಾಗೆ ಹೇಳುತ್ತಾರೆ. ರಿಟೈರ್ ಆದ ಅಧಿಕಾರಿಗಳು ‘ಸ್ವಲ್ಪ ನೋಡಿ ಹಾಕಿ’ ಎಂದಷ್ಟೇ ಅಂದು ಪೇಪರ್ ಓದುವುದಕ್ಕೆ ಕೂರುತ್ತಾರೆ.

ನಾನು ಬ್ಯಾಂಕುಗಳ ಪ್ಯಾನೆಲ್‌ನಲ್ಲಿರುವ ವ್ಯಾಲ್ಯುಯರ್. ಸಾಲಕ್ಕೆ ಅರ್ಜಿ ಹಾಕಿದವರ ಮನೆಗೆ ಹೋಗಿ ಅಳೆದು, ಫೋಟೊ ಹೊಡೆದು, ಬೆಲೆ ಕಟ್ಟಿ ವರದಿ ಕೊಡುವುದು ಕೆಲಸ. ನಮ್ಮ ನೋಂದಣಿಯ ಕಥೆಯೇ ತಮಾಷೆಯದು. ಅದು ನಡೆದದ್ದು 1957ರ ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಸೆಕ್ಷನ್ ಅಡಿ. 2015ರ ಬಜೆಟ್‌ನಲ್ಲಿ ತೆರಿಗೆಯೇ ರದ್ದಾಯಿತು, ವ್ಯಾಲ್ಯುಯರ್‌ಗಳು ಉಳಿದುಕೊಂಡೆವು. ಜೊತೆಗೆ ಟೇಪ್ ಹಿಡಿಯಲು ಒಬ್ಬ ಹುಡುಗ ಬರುತ್ತಾನೆ. ಬಾಗಿಲಲ್ಲಿ ಅವನಿಗೆ ‘ಬನ್ನಿ ಸಾರ್’ ಎಂಬ ಸ್ವಾಗತ ಸಿಗುತ್ತದೆ, ನನ್ನನ್ನು ಬ್ಯಾಂಕಿನ ಕ್ಲರ್ಕ್ ಅಂದುಕೊಳ್ಳುತ್ತಾರೆ. ತಿದ್ದಲು ಹೋಗುವುದಿಲ್ಲ. ಲೇಸರ್ ಮೀಟರ್ ಯಾರ ಕೈಯಲ್ಲಿದೆ ಎಂದು ನೋಡಿದ ಮೇಲೆ ತಾನೇ ಗೊತ್ತಾಗುತ್ತದೆ.

ಆ ಪ್ರಶ್ನೆ ಕೇಳುವವರ ಸಂಕಟ ಸುಳ್ಳಲ್ಲ. ಮನೆಯೊಂದನ್ನು 90 ಲಕ್ಷಕ್ಕೆ ಮಾತಾಡಿ ಅಗ್ರಿಮೆಂಟ್ ಮಾಡಿಕೊಂಡಿದ್ದಾರೆ ಅನ್ನಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. 90 ಲಕ್ಷಕ್ಕಾದರೆ 72 ಲಕ್ಷ ಸಿಗಬಹುದು. ನಾನು 80 ಲಕ್ಷ ಎಂದು ಬರೆದರೆ ಅದು 64ಕ್ಕೆ ಇಳಿಯುತ್ತದೆ. ಆ ಎಂಟು ಲಕ್ಷಕ್ಕೆ ಹೆಂಡತಿಯ ಬಳೆ ಅಡವಿಡಬೇಕು, ಇಲ್ಲವೇ ಭಾವಮೈದುನನ ಮುಂದೆ ಕೈ ಚಾಚಬೇಕು. ಸಾಲದ್ದಕ್ಕೆ ನನ್ನ ಫೀಸು ಕಟ್ಟುವವರೂ ಅವರೇ. ವರದಿ ಮಾತ್ರ ಬ್ಯಾಂಕಿಗೆ ಹೋಗುತ್ತದೆ. ದುಡ್ಡು ಕೊಟ್ಟವರಿಗೆ ಉತ್ತರ ಕೊಡದ ಕೆಲಸ ಇದು, ಸಿಟ್ಟು ಬರುವುದು ಸಹಜ.

ಹಾಗಂತ ಬಾಯಿ ಹೊಲಿದುಕೊಂಡು ಅಳೆದು ಹೋಗುವುದು ಜಾಣತನ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕಸುಬಿನಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಮಲಗುವ ಕೋಣೆಗೆ, ಬಚ್ಚಲಿಗೆ, ದೇವರ ಮನೆಗೆ ಇಣುಕಿ ಫೋಟೊ ಹೊಡೆದುಕೊಂಡು ಒಂದೂ ಮಾತಾಡದೆ ಹೊರಟರೆ ಮನೆಯವರಿಗೆ ಪೊಲೀಸರು ಬಂದು ಹೋದ ಹಾಗಾಗುತ್ತದೆ. ನಾನು ಧಾರಾಳವಾಗಿ ಮಾತಾಡುತ್ತೇನೆ, ಅಂಕಿಯೊಂದನ್ನು ಬಿಟ್ಟು. ‘ಮಾರ್ಗಸೂಚಿ ದರ ನೋಡಬೇಕು, ಅಕ್ಕಪಕ್ಕ ವಿಚಾರಿಸಬೇಕು, ಕೂತು ಲೆಕ್ಕ ಹಾಕಬೇಕು, ಬ್ಯಾಂಕಿಗೆ ಕಳಿಸ್ತೀನಿ, ಅಲ್ಲೇ ಕೇಳಿ’ ಎನ್ನುತ್ತೇನೆ. ನಿಜವೂ ಅದೇ.

ಅಪಾಯ ಇರುವುದು ಹೊಗಳಿಕೆಯಲ್ಲಿ. ಟೇಪ್ ಹಿಡಿಯುವ ಹುಡುಗ ಒಮ್ಮೆ ಬಾಯಿ ತಪ್ಪಿ ‘ಸೂಪರ್ ಮನೆ ಸಾರ್’ ಅಂದ. ವರದಿ ಬಂದ ದಿನ ಮಾಲೀಕರು ಬ್ಯಾಂಕಿನವರ ಮುಂದೆ, ‘ನಿಮ್ಮ ಎಂಜಿನಿಯರೇ ಸೂಪರ್ ಅಂದಿದ್ದಾರೆ, ಮತ್ಯಾಕ್ರೀ ಕಡಿಮೆ?’ ಎಂದು ಕೂತರು. ಅಂದಿನಿಂದ ನಮ್ಮ ತಂಡದಲ್ಲಿ ಹೊಗಳಿಕೆಯೇನಿದ್ದರೂ ಬೆಲೆ ಬಾರದ ವಸ್ತುಗಳಿಗೆ ಮಾತ್ರ. ಸಂಜೆ ಗಾಳಿ ಚೆನ್ನಾಗಿ ಬರುತ್ತೆ. ಕರಿಬೇವಿನ ಗಿಡ ಎಷ್ಟು ಸೊಂಪಾಗಿದೆ. ನಾಯಿ ಬೊಗಳುವುದೇ ಇಲ್ಲವಲ್ಲ.

ಬಾಗಿಲನ್ನಂತೂ ಹೊಗಳುವ ಹಾಗೇ ಇಲ್ಲ. ‘ಬರ್ಮಾ ಟೀಕ್ ಮೇಡಂ, ಬಾಗಿಲೊಂದಕ್ಕೇ ಒಂದೂವರೆ ಲಕ್ಷ’ ಎನ್ನುವವರಿಗೆ ಏನು ಹೇಳುವುದು? ನಮ್ಮ ಲೆಕ್ಕದಲ್ಲಿ ಮಣ್ಣಿಗೆ ಒಂದು ಬೆಲೆ, ಕಟ್ಟಡಕ್ಕೆ ಒಂದು. ಕಟ್ಟಡಕ್ಕೆ ಅರವತ್ತು ವರ್ಷ ಆಯುಸ್ಸು, ಕೊನೆಗೆ ಶೇ 10ರಷ್ಟು ಉಳಿಕೆ ಬೆಲೆ ಎಂದು ಹಿಡಿದರೆ, ಇಪ್ಪತ್ತು ವರ್ಷ ಆದ ಮನೆಗೆ ಶೇ 30 ಸವಕಳಿ ಕಳೆಯಬೇಕು. ಟೀಕ್ ಬಾಗಿಲೂ ಆ ಮೂವತ್ತರಲ್ಲೇ ಹೋಗುತ್ತದೆ. ಇದನ್ನು ಗೃಹಪ್ರವೇಶದ ಆಲ್ಬಂ ತೆಗೆದು ತೋರಿಸುತ್ತಿರುವವರ ಎದುರು ವಿವರಿಸಲು ನನಗೆ ಧೈರ್ಯ ಸಾಲದು. ‘ಕೆತ್ತನೆ ಯಾರು ಮಾಡಿದ್ದು?’ ಎಂದು ಕೇಳುತ್ತೇನೆ. ಆಚಾರಿಯ ಊರು, ಅವನು ಕೊಟ್ಟ ಕಾಟ, ಎಲ್ಲ ಹೊರಬರುತ್ತದೆ. ಅಷ್ಟರಲ್ಲಿ ಹಾಲ್ ಅಳೆದು ಮುಗಿದಿರುತ್ತದೆ.

ಇಂಥ ಹರಟೆಯಿಂದ ಕೆಲಸಕ್ಕೆ ಬಾರದ ಮಾತೇ ಹೆಚ್ಚು ಸಿಗುತ್ತದೆ. ಆದರೂ ಕಾಗದಪತ್ರ ಹೇಳದ್ದನ್ನು ಹೇಳುವುದು ಅದೇ. ಹಾಲ್‌ನಲ್ಲಿ ಯಜಮಾನರು ಬೋರ್‌ವೆಲ್ ಎಷ್ಟು ಅಡಿ ಎಂದು ಹೇಳುತ್ತಿರುತ್ತಾರೆ. ಅಡುಗೆಮನೆಯಲ್ಲಿ ಅವರ ಹೆಂಡತಿ, ಹೆಂಗಸು ಎಂಜಿನಿಯರ್ ಎಂಬ ಸಲುಗೆಗೋ ಏನೋ, ‘ಮಳೆಗಾಲದಲ್ಲಿ ಈ ಮೂಲೆ ಜಿನುಗುತ್ತೆ, ಇವರಿಗೆ ಹೇಳಿ ಹೇಳಿ ಸಾಕಾಯ್ತು’ ಎನ್ನುತ್ತಾರೆ. ಮೂಲೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ದಾರೆ. ‘ನಿಮ್ಮ ಮನೆಯವರು ಹೀಗಂದರು’ ಎಂದು ನಾನು ಅಪ್ಪಿತಪ್ಪಿಯೂ ಹೇಳುವುದಿಲ್ಲ. ‘ಟೆರೇಸ್ ನೋಡೋಣ್ವಾ ಸಾರ್?’ ಎಂದರೆ ಸಾಕು. ಮೇಲೆ ಮಳೆನೀರಿನ ಪೈಪಿನ ಬಾಯಿಯ ಸುತ್ತ ಪಾಚಿ ಕಟ್ಟಿ, ಮೋಲ್ಡ್ ಕಪ್ಪಾಗಿ, ನೀರು ನಿಂತ ಗುರುತು ಸ್ಪಷ್ಟವಾಗಿ ಕಾಣುತ್ತದೆ. ವರದಿಗೆ ಹೋಗುವುದು ಟೆರೇಸ್ ಹೇಳಿದ್ದು, ಅಡುಗೆಮನೆ ಹೇಳಿದ್ದಲ್ಲ. ಕಿವಿಗೆ ಬಿದ್ದದ್ದನ್ನು ಕಣ್ಣಿಂದಲೋ ಕಾಗದದಿಂದಲೋ ಖಾತ್ರಿ ಮಾಡಿಕೊಳ್ಳದೆ ಬರೆದರೆ ಅದು ಚಾಡಿಯಾಗುತ್ತದೆ.

ಮಕ್ಕಳು ಇನ್ನೂ ಅಪಾಯ. ‘ಇಡೀ ಮನೆಯಲ್ಲಿ ನಾವೇ ಇರೋದು’ ಎಂದು ಅಪ್ಪ ಹೇಳಿದ ಉಸಿರಿಗೇ, ‘ಮೇಲಿನ ಅಂಕಲ್ ಬೀಗ ಹಾಕ್ಕೊಂಡು ಹೋಗಿದಾರೆ’ ಎಂದಿತು ಯುಕೆಜಿಯ ಮಗು. ಮೆಟ್ಟಿಲ ಕೆಳಗೆ ನೋಡಿದರೆ ಕರೆಂಟಿನ ಮೀಟರ್ ಎರಡಿವೆ. ಬಾಡಿಗೆಗೆ ಕೊಡುವುದು ಅಪರಾಧವೇನಲ್ಲ. ಆದರೆ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಹಣ ಪಡೆದು ಮನೆಯನ್ನು ಲೀಸ್‌ಗೆ ಹಾಕಿರುವವರು ಬಹಳ ಮಂದಿ. ಆ ಹಣ ವಾಪಸ್ ಕೊಡುವವರೆಗೆ ಲೀಸ್‌ನವರು ಜಾಗ ಬಿಡುವುದಿಲ್ಲ. ಇದು ಬ್ಯಾಂಕಿಗೆ ಗೊತ್ತಿರಲೇಬೇಕು. ಮಗುವಿಗೆ ಬೈಯಬೇಡಿ ಎಂದು ಹೇಳಿ ಬಂದೆ.

ಅಜ್ಜಿಯಂದಿರ ಬಳಿ ಚಕ್ಕುಬಂದಿ ಕೇಳಬೇಕು. ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ರಸ್ತೆ ಎಂದಿರುತ್ತದೆ. ಅಜ್ಜಿ ಹೇಳುವುದು ಆ ಸೈಟು ಯಾರು ಯಾರಿಗೆ ಮಾರಿದರು, ಕಾಂಪೌಂಡ್ ಕಟ್ಟುವಾಗ ಎರಡಡಿಗೆ ಯಾರ ಜುಟ್ಟು ಯಾರು ಹಿಡಿದರು ಎಂಬುದನ್ನು. ಹೀಗೆ ಮಾತಾಡುತ್ತಾ ಒಬ್ಬ ಅಜ್ಜಿ, ‘ಯಾಕಮ್ಮ ಅಳೀತಿದ್ದೀಯ, ಮನೆ ಮಾರ್ತಾರಾ?’ ಎಂದು ಮೆಲ್ಲಗೆ ಕೇಳಿದರು. ಮನೆ ಅವರ ಹೆಸರಿನಲ್ಲೇ ಇತ್ತು. ಮಗ ಅಂಗಡಿಗೆಂದು ಸಾಲಕ್ಕೆ ಅರ್ಜಿ ಹಾಕಿದ್ದ. ಉತ್ತರ ಹೇಳಬೇಕಾದವನು ಮಗ, ನಾನಲ್ಲ. ಆದರೆ ಏನೂ ಕೇಳಿಸದವಳ ಹಾಗೆ ಬರಲೂ ಆಗಲಿಲ್ಲ. ಬ್ರಾಂಚಿಗೆ ಫೋನ್ ಮಾಡಿ, ‘ಸಹಿ ಹಾಕಿಸೋ ಮೊದಲು ಆ ತಾಯಿಯನ್ನ ಒಬ್ಬರನ್ನೇ ಕೂರಿಸಿ, ಕನ್ನಡ ಬರುವವರ ಕೈಲಿ ವಿವರಿಸಿ’ ಎಂದೆ. ಆಮೇಲೇನಾಯಿತು ಎಂದು ಕೇಳುವ ಅಧಿಕಾರ ನನಗಿಲ್ಲ.

ಇನ್ನು ನನ್ನನ್ನೇ ಅಳೆಯುವ ಮಾತುಗಳಿವೆ. ‘ಯಾವೂರು ನಿಮ್ದು?’ ಎಂಬಲ್ಲಿಂದ ಶುರು. ಊರು ಹೇಳಿದರೆ ಬೀದಿ, ಬೀದಿ ಹೇಳಿದರೆ ಮನೆತನ, ಕೊನೆಗೆ ‘ಹಾಗಾದ್ರೆ ನಮ್ಮೋರೇ ಬಿಡಿ’. ನಾನು ಊರಿನ ಹೆಸರು ಹೇಳಿ, ಅಲ್ಲಿಂದ ನೇರ ಸಂಪಿನ ಮುಚ್ಚಳದ ಕಡೆ ಹೋಗುತ್ತೇನೆ. ಆದರೆ ಅವರು ಕೇಳುವ ಮೊದಲೇ ಅವರು ಯಾರು ಎಂಬುದು ನನಗೆ ಗೊತ್ತಾಗಿರುತ್ತದಲ್ಲ? ಗೋಡೆಯ ಮೇಲಿನ ಸ್ವಾಮೀಜಿಯ ಫೋಟೊ, ಅಂಬೇಡ್ಕರ್ ಪಟ, ಬಾಗಿಲ ಮೇಲಿನ 786, ಏಸುವಿನ ಕ್ಯಾಲೆಂಡರ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯಲ್ಲಿ 2020ರಲ್ಲಿ ಕಪ್ಪು ದಂಪತಿಯ ಮನೆಗೆ 9,95,000 ಡಾಲರ್ ಬೆಲೆ ಕಟ್ಟಲಾಯಿತು. ಅವರು ತಮ್ಮ ಕುಟುಂಬದ ಫೋಟೊಗಳನ್ನು ಇಳಿಸಿ, ಬಿಳಿಯ ಗೆಳತಿಯೊಬ್ಬಳನ್ನು ಮನೆಯೊಡತಿಯಂತೆ ನಿಲ್ಲಿಸಿ ಎರಡನೆಯ ಸಲ ಬೆಲೆ ಕಟ್ಟಿಸಿದಾಗ 14,82,500 ಡಾಲರ್ ಬಂತು. ವಿಷಯ ಕೋರ್ಟಿಗೆ ಹೋಗಿ ರಾಜಿಯಲ್ಲಿ ಮುಗಿಯಿತು. ಇದನ್ನು ಓದಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಅಳತೆಗಳನ್ನಷ್ಟೇ ಬರೆದುಕೊಂಡು ಬಂದು, ಮಾಲೀಕರ ಹೆಸರಿನ ಕಾಲಂ ಖಾಲಿ ಬಿಟ್ಟು, ಮೊದಲು ದರ ತುಂಬುತ್ತೇನೆ. ನಮ್ಮಲ್ಲಿ ಯಾರೂ ಫೋಟೊ ಇಳಿಸುವುದಿಲ್ಲ. ಇಳಿಸಿ ಪರೀಕ್ಷೆ ಮಾಡಿದವರ ಸುದ್ದಿಯೂ ನನ್ನ ಕಿವಿಗೆ ಬಿದ್ದಿಲ್ಲ.

ಕಾಫಿಯ ವಿಷಯಕ್ಕೆ ಬಂದರೆ, ಅಳೆಯುವ ಮೊದಲು ನೀರು, ಟೇಪ್ ಸುತ್ತಿದ ಮೇಲೆ ಕಾಫಿ. ಬೇಡ ಎಂದರೆ ನಮ್ಮ ಕಡೆ ಅವಮಾನ. ಹೊರಡುವಾಗ ಕುಂಕುಮ ಕೊಡುತ್ತಾರೆ, ತೆಗೆದುಕೊಳ್ಳುತ್ತೇನೆ, ಹೂವನ್ನೂ ಮುಡಿಯುತ್ತೇನೆ. ತಟ್ಟೆಯಲ್ಲಿರುವ ಬ್ಲೌಸ್ ಪೀಸ್ ಅಲ್ಲೇ ಉಳಿಯುತ್ತದೆ. ಅದು ಮರ್ಯಾದೆಯೋ ಲಂಚವೋ ಎಂದು ಕೂತು ವಿಚಾರ ಮಾಡುವಷ್ಟು ಹೊತ್ತು ನನಗೆಲ್ಲಿದೆ?

ಒಂದು ಬಗೆಯ ಮನೆಯಲ್ಲಿ ಮಾತ್ರ ಹರಟೆಗೆ ಜಾಗವಿಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಸುಸ್ತಿದಾರರ ಮನೆಯನ್ನು ಹರಾಜಿಗೆ ಇಡುವ ಮುನ್ನ ಬ್ಯಾಂಕು ವ್ಯಾಲ್ಯುಯರ್‌ನಿಂದ ಬೆಲೆ ಕಟ್ಟಿಸಬೇಕು. ಹರಾಜಿನ ಕನಿಷ್ಠ ಬೆಲೆ ನಿಗದಿ ಮಾಡುವುದು ಅದರ ಮೇಲೆ. ಗೇಟಿಗೆ ನೋಟಿಸ್ ಅಂಟಿಸಿರುತ್ತಾರೆ, ಒಳಗೆ ಸಂಸಾರ ಇರುತ್ತದೆ. ಅಲ್ಲಿ ನಾನು ಕರಿಬೇವಿನ ಗಿಡದ ಸುದ್ದಿಗೆ ಹೋಗುವುದಿಲ್ಲ. ಹೆಸರು ಹೇಳಿ, ಬಂದ ಕಾರಣ ಹೇಳಿ, ಯಾವ ಯಾವ ಕೋಣೆ ನೋಡಬೇಕು ಎಂದು ಮೊದಲೇ ತಿಳಿಸಿ, ಬೇಗ ಮುಗಿಸುತ್ತೇನೆ. ಮಾಮೂಲಿ ಸಾಲದ ವರದಿಯಲ್ಲೂ ‘ಡಿಸ್ಟ್ರೆಸ್ ವ್ಯಾಲ್ಯು’ ಎಂಬ ಸಾಲೊಂದು ಇರುತ್ತದೆ. ತೋರಣ ಬಾಡದ ಹೊಸ ಮನೆಗೂ, ಮುಂದೊಂದು ದಿನ ಒತ್ತಾಯಕ್ಕೆ ಮಾರಿದರೆ ಎಷ್ಟು ಬರಬಹುದು ಎಂದು ಬರೆಯಬೇಕು. ಪಾಯಸ ಕೊಟ್ಟವರಿಗೆ ಅದು ಗೊತ್ತಿರುವುದಿಲ್ಲ.

ಅಂಕಿಯನ್ನು ಬಾಯಿಬಿಟ್ಟು ಹೇಳಬಹುದಾದದ್ದು ಮನೆಯವರೇ ಕರೆಸಿಕೊಂಡಾಗ. ಪಾಲಿಗೆಂದು ಕರೆಯುತ್ತಾರೆ. ಅಣ್ಣ ಗ್ಯಾರೇಜಿನ ಹತ್ತಿರ ಬಂದು, ‘ಹಳೇ ಮನೆ ಮೇಡಂ, ಏನಿದೆ ಇದರಲ್ಲಿ’ ಎನ್ನುತ್ತಾನೆ, ಮನೆ ಇಟ್ಟುಕೊಂಡು ತಮ್ಮನಿಗೆ ದುಡ್ಡು ಕೊಡುವವನು ಅವನು. ತಮ್ಮ ಟೆರೇಸಿಗೆ ಹತ್ತಿ ಬಂದು ಮೆಟ್ರೊ ಎಷ್ಟು ಹತ್ತಿರ ಎಂದು ಕೈ ತೋರಿಸುತ್ತಾನೆ. ಬೇರೆಬೇರೆಯಾಗಿ ಯಾರಿಗೂ ಏನೂ ಹೇಳುವುದಿಲ್ಲ, ವರದಿ ಬಂದ ದಿನ ಇಬ್ಬರೂ ಒಟ್ಟಿಗೆ ಕೂತು ಕೇಳಿ ಎನ್ನುವುದು ನನ್ನ ಷರತ್ತು. ಹೋದ ವರ್ಷ ಇಂಥದ್ದೇ ಮನೆಯಲ್ಲಿ, ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರು. ಕಾಫಿ ಲೋಟ ತೆಗೆದುಕೊಳ್ಳಲು ಬಂದ ತಂಗಿ, ಅಣ್ಣಂದಿರ ಕಡೆ ನೋಡದೆ, ‘ವರದಿ ಮೂರು ಕಾಪಿ ಮಾಡಿ ಮೇಡಂ’ ಎಂದಳು. ಫೀಸಿನ ಮೂರನೇ ಒಂದು ಪಾಲನ್ನು ಅಲ್ಲೇ ನಿಂತು ಫೋನ್‌ಪೇ ಮಾಡಿದಳು.