ಐವತ್ತರಲ್ಲಿ ಒಂದು ಪಾಲು: ಮೇಜಿನ ಮೇಲಿನ ಡಂಪರ್, ಟ್ರೇಲರ್‌ಗಳ ಲೋಕ



ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ... ನೀವು ಯಾವ ಊರಿನಲ್ಲಿದ್ದರೂ ರಾತ್ರಿ ಹೊತ್ತು ಈ ದೃಶ್ಯ ನೋಡಿಯೇ ಇರುತ್ತೀರಿ. ಉದ್ದನೆಯ ತಗ್ಗು ಟ್ರೇಲರ್ ಮೇಲೆ ಹಳದಿ ಬಣ್ಣದ ಎಕ್ಸ್‌ಕವೇಟರ್ ಒಂದು ಕೈ ಮಡಚಿಕೊಂಡು ಕೂತು, ಯಾವುದೋ ಫ್ಲೈಓವರ್ ಕೆಲಸಕ್ಕೆ ಹೊರಟಿರುತ್ತದೆ. ಅದರ ಹಿಂದೆ ಸಿಕ್ಕಿಕೊಂಡ ನಾವು ಹಾರನ್ ಒತ್ತುತ್ತೇವೆ. ಪಕ್ಕದ ಸೀಟಿನ ಮಗು ಮಾತ್ರ ಕಣ್ಣರಳಿಸಿ ಚಕ್ರ ಎಣಿಸುತ್ತಿರುತ್ತದೆ.

ಆ ಎಣಿಕೆಯನ್ನು ಬಿಡದೆಯೇ ದೊಡ್ಡವರಾದ ಕೆಲವರಿದ್ದಾರೆ. ಅವರ ಬೀರುವಿನಲ್ಲಿ ಎಕ್ಸ್‌ಕವೇಟರ್, ಡಂಪರ್, ಕ್ರೇನ್ ಮತ್ತು ಅವುಗಳನ್ನು ಹೊರುವ ಲಾರಿ, ಟ್ರೇಲರ್‌ಗಳ ಪುಟ್ಟ ಲೋಹದ ಮಾದರಿಗಳು ಸಾಲಾಗಿ ನಿಂತಿರುತ್ತವೆ. 'ಈ ವಯಸ್ಸಿನಲ್ಲಿ ಆಟಿಕೆಯೇ?' ಎಂದು ನೆಂಟರು ನಗುವುದುಂಟು. ಇವು ಆಟಿಕೆ ಏಕಲ್ಲ, ಈ ಹವ್ಯಾಸಕ್ಕೆ ಕೈ ಹಾಕಿದವರು ಎಲ್ಲಿ ಎಡವುತ್ತಾರೆ, ಆಸೆಪಟ್ಟು ಕೊಂಡದ್ದನ್ನು ಉಳಿಸಿಕೊಳ್ಳುವುದು ಹೇಗೆ? ಬನ್ನಿ, ಈ ಸಲ ಅದನ್ನೇ ನೋಡೋಣ.

ಗಿರಾಕಿಗೆ ಕೊಟ್ಟ ಉಡುಗೊರೆ

ಜರ್ಮನಿಯ ನ್ಯೂರೆಂಬರ್ಗ್ ಆಟಿಕೆಗಳಿಗೆ ಹೆಸರಾದ ಊರು. 1950ರಲ್ಲಿ ಶುರುವಾದ ಅಲ್ಲಿನ ಆಟಿಕೆ ಮೇಳ ಜಗತ್ಪ್ರಸಿದ್ಧ. ಅದೇ ಊರಿನಲ್ಲಿ 1968ರಲ್ಲಿ ಎನ್‌ಝಡ್‌ಜಿ ಎಂಬ ಕಂಪನಿ ಹುಟ್ಟಿತು. ಹತ್ತಿರದ ಕಾಲ್ಕ್‌ರಾಯ್ತ್‌ನಲ್ಲಿ ಕೊನ್ರಾಡ್ ಎಂಬ ಇನ್ನೊಂದು ಕಂಪನಿಯಿದೆ. ಕಾಮಗಾರಿ ಯಂತ್ರಗಳ ಮಾದರಿ ಎಂದೊಡನೆ ಸಂಗ್ರಹಕಾರರ ಬಾಯಿಗೆ ಮೊದಲು ಬರುವುದು ಈ ಎರಡು ಹೆಸರುಗಳೇ.

ಇವರ ದೊಡ್ಡ ಗಿರಾಕಿಗಳು ಮಕ್ಕಳಲ್ಲ, ಯಂತ್ರ ತಯಾರಿಸುವ ಕಂಪನಿಗಳು. ಇಪ್ಪತ್ತು ಟನ್ನಿನ ಯಂತ್ರವನ್ನು ಗುತ್ತಿಗೆದಾರನ ಆಫೀಸಿಗೆ ಒಯ್ದು ತೋರಿಸಲಾದೀತೇ? ಹಾಗಾಗಿ ಹೊಸ ಯಂತ್ರ ಬಂದಾಗ ಅದರ ಪುಟ್ಟ ಪ್ರತಿರೂಪ ಮಾಡಿಸಿ ಗಿರಾಕಿಗಳಿಗೆ ಕೊಡುವ ರೂಢಿ ಬೆಳೆಯಿತು. ಮ್ಯೂನಿಕ್‌ನಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಬೌಮಾ ಎಂಬ ಯಂತ್ರಮೇಳದಲ್ಲಿ ಇಂದಿಗೂ ಅಸಲಿ ಯಂತ್ರಗಳ ಪಕ್ಕದಲ್ಲೇ ಮಾದರಿಗಳ ಮಾರಾಟವೂ ನಡೆಯುತ್ತದೆ.

ಮಾರಾಟಕ್ಕೆ ಹುಟ್ಟಿದ ವಸ್ತುವಾದ್ದರಿಂದ ಅಳತೆ ತಪ್ಪುವಂತಿಲ್ಲ, ಬಣ್ಣ ಕಂಪನಿಯದೇ ಆಗಿರಬೇಕು, ಬಕೆಟ್ ಎಷ್ಟು ಮೇಲೇಳುತ್ತದೋ ಅಷ್ಟೇ ಏಳಬೇಕು. ಅಸಲಿ ಯಂತ್ರ ಮಾರುಕಟ್ಟೆಯಿಂದ ಹೋದ ಮೇಲೆ ಅದರ ಮಾದರಿಯೂ ಸಾಮಾನ್ಯವಾಗಿ ನಿಲ್ಲುತ್ತದೆ. ಹಳೆಯ ಮಾದರಿಗಳ ಬೆಲೆ ಏರುವುದಕ್ಕೆ ಇದೇ ಮುಖ್ಯ ಕಾರಣ.

ಒಂದು ಮೀಟರಿಗೆ ಎರಡು ಸೆಂಟಿಮೀಟರ್

ಈ ಲೋಕದ ಮುಖ್ಯ ಅಳತೆ 1:50. ಅಂದರೆ ಅಸಲಿಯ ಒಂದು ಮೀಟರು ಇಲ್ಲಿ ಎರಡು ಸೆಂಟಿಮೀಟರು. ಗಣಿಗಳಲ್ಲಿ ಓಡುವ ಕ್ಯಾಟರ್‌ಪಿಲ್ಲರ್ 797ಎಫ್ ಡಂಪರ್ ಸುಮಾರು 15 ಮೀಟರ್ ಉದ್ದ, ಒಂದೊಂದು ಟೈರೂ ಸುಮಾರು 4 ಮೀಟರ್ ಎತ್ತರ. ಮಾದರಿಯಲ್ಲಿ ಅದು 30 ಸೆಂಟಿಮೀಟರ್ ಉದ್ದವಾದರೆ ಟೈರು 8 ಸೆಂಟಿಮೀಟರ್. ಪಕ್ಕದಲ್ಲಿ ಅದೇ ಅಳತೆಯ ಮಾಮೂಲಿ ಲಾರಿಯೊಂದನ್ನು ನಿಲ್ಲಿಸಿ ನೋಡಿ. ಯಾವ ಫೋಟೋ ಕೂಡ ಹೇಳದ ಮಾತು ಆಗ ತಿಳಿಯುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಳ್ಳುತ್ತಾರೆ. ಒಂದು 1:50, ಇನ್ನೊಂದು ಅಮೆರಿಕದ ಲಾರಿ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವ 1:64, ಮತ್ತೊಂದು ಆಟಿಕೆ ರೈಲುಗಳ ಜೊತೆಗೆ ಬೆಳೆದ 1:87. ಮನೆಗೆ ತಂದು ಸಾಲಾಗಿ ಇಟ್ಟರೆ ಡಂಪರ್‌ಗಿಂತ ಜೀಪೇ ದೊಡ್ಡದು! ಆದ್ದರಿಂದ ಮೊದಲು ಅಳತೆ ಗೊತ್ತುಮಾಡಿಕೊಳ್ಳಿ, ಆಮೇಲೆ ಕೊಳ್ಳಿ.

ಮನೆಯ ಅಳತೆಯೂ ನೆನಪಿರಲಿ. ಲೀಬ್‌ಹೆರ್ ಕಂಪನಿ 2007ರಲ್ಲಿ ತೋರಿಸಿದ ಎಲ್‌ಟಿಎಂ 11200 ಕ್ರೇನಿನ ಚಾಚುವ ತೋಳು 100 ಮೀಟರ್. 1:50ರಲ್ಲಿ ಅದು ಪೂರಾ ಎರಡು ಮೀಟರ್. ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅದು ಬಾಗಿಲಿಗೆ ಸಮನಾಗಿ ನಿಲ್ಲುತ್ತದೆ!

ಚಕ್ರಗಳ ಲೆಕ್ಕ

ಟ್ರೇಲರ್‌ಗಳದ್ದು ಬೇರೆಯೇ ಆಕರ್ಷಣೆ. ಬೆಂಗಳೂರಿನ ಈಜಿಪುರದ ದೇವಸ್ಥಾನಕ್ಕೆಂದು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಹೊರಟ ಬೃಹತ್ ಏಕಶಿಲಾ ವಿಗ್ರಹ ನಿಮಗೆ ನೆನಪಿರಬಹುದು. 2018ರ ಡಿಸೆಂಬರಿನಲ್ಲಿ ಹೊರಟದ್ದು ಬೆಂಗಳೂರು ತಲುಪಿದಾಗ 2019ರ ನಡುಭಾಗ. ಅದನ್ನು ಹೊತ್ತದ್ದು 240 ಚಕ್ರಗಳ ವಾಹನ.

ಇಷ್ಟೊಂದು ಚಕ್ರ ಏಕೆ? ನೂರಾರು ಟನ್ ಭಾರ ನಾಲ್ಕಾರು ಆಕ್ಸಲ್‌ಗಳ ಮೇಲೇ ಬಿದ್ದರೆ ರಸ್ತೆಯೂ ಸೇತುವೆಯೂ ತಾಳುವುದಿಲ್ಲ. ಸಾಲು ಸಾಲು ಚಕ್ರಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಬರುವ ಭಾರ ಕಡಿಮೆ. ಜರ್ಮನಿಯ ಗೋಲ್ಡ್‌ಹೋಫರ್, ಶೊಯರ್ಲೆ ಕಂಪನಿಗಳು ಮಾಡುವ ಇಂಥ ಟ್ರೇಲರ್‌ಗಳಲ್ಲಿ ಒಂದಕ್ಕೊಂದು ತುಂಡು ಜೋಡಿಸುತ್ತಾ ಹೋಗಬಹುದು. ರಸ್ತೆ ಏರುಪೇರಾದರೂ ಹೈಡ್ರಾಲಿಕ್ ವ್ಯವಸ್ಥೆ ಭಾರವನ್ನು ಸಮನಾಗಿಸುತ್ತದೆ. ತಿರುವಿನಲ್ಲಿ ಹಿಂದಿನ ಸಾಲುಗಳೂ ತಿರುಗುತ್ತವೆ.

ಇವನ್ನೆಲ್ಲ ಕೈಯಲ್ಲಿ ಹಿಡಿದು ಅರ್ಥ ಮಾಡಿಕೊಳ್ಳುವ ಸುಖ ಮಾದರಿಗಳದ್ದು. ನೆದರ್‌ಲೆಂಡ್ಸ್‌ನ ಡಬ್ಲ್ಯುಎಸ್‌ಐ, ಐಎಂಸಿ, ಟೆಕ್ನೋ ಕಂಪನಿಗಳು ಈ ಬಗೆಯ ಲಾರಿ, ಟ್ರೇಲರ್ ಮಾದರಿಗಳಿಗೆ ಹೆಸರಾಗಿವೆ. ಒಳ್ಳೆಯ ಮಾದರಿಗಳಲ್ಲಿ ಟ್ರೇಲರಿನ ಮುಂಭಾಗವನ್ನು ಕಳಚಿ, ಯಂತ್ರವನ್ನು ಹತ್ತಿಸಿ, ಮತ್ತೆ ಜೋಡಿಸಬಹುದು.

ಕೈಕಂಬಿ ನೋಡಿ ಕೊಳ್ಳಿ

ಒಂದು ಮಾದರಿ ಒಳ್ಳೆಯದೋ ಅಲ್ಲವೋ ಎಂದು ಅಂಗಡಿಯಲ್ಲೇ ತಿಳಿಯಲು ಸುಲಭದ ಉಪಾಯವಿದೆ. ಆಪರೇಟರ್ ಹತ್ತುವ ಕಡೆಯ ಕೈಕಂಬಿ ನೋಡಿ. ಅಸಲಿಯಲ್ಲಿ ನಾಲ್ಕು ಸೆಂಟಿಮೀಟರ್ ದಪ್ಪದ ಕಂಬಿ 1:50ರಲ್ಲಿ ಒಂದು ಮಿಲಿಮೀಟರಿಗಿಂತ ತೆಳ್ಳಗಿರಬೇಕು. ಆಟಿಕೆಯಲ್ಲಿ ಅದು ಬೆಂಕಿಕಡ್ಡಿಯಷ್ಟು ದಪ್ಪ. ಕೈಕಂಬಿಯನ್ನು ಸರಿಯಾಗಿ ಮಾಡಿದವನು ಉಳಿದದ್ದನ್ನೂ ಸಾಮಾನ್ಯವಾಗಿ ಸರಿಯಾಗಿಯೇ ಮಾಡಿರುತ್ತಾನೆ.

ಮುಂದೆ ಹೈಡ್ರಾಲಿಕ್ ಸಿಲಿಂಡರ್‌ಗಳನ್ನು ನೋಡಿ. ತೋಳನ್ನು ಎತ್ತಿ ಬಿಟ್ಟರೆ ನಿಂತಲ್ಲೇ ನಿಲ್ಲಬೇಕು, ಜಾರಬಾರದು. ಬುಲ್‌ಡೋಜರಿನ ಸರಪಳಿ ಲೋಹದ್ದಾದರೆ ಬಾಳಿಕೆ ಹೆಚ್ಚು. ರಬ್ಬರಿನದಾದರೆ ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯಬಹುದು. ಹಳೆಯದನ್ನು ಕೊಳ್ಳುವಾಗ ಕನ್ನಡಿ, ಪೈಪು, ಮೂಲ ಡಬ್ಬಿ ಇವೆಯೇ ಎಂದು ಕೇಳಿ.

ವಿದೇಶದಿಂದ ತರಿಸುವವರು ಸುಂಕದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಆಟಿಕೆಗಳ ಆಮದು ಸುಂಕವನ್ನು ನಮ್ಮ ಸರ್ಕಾರ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರ ಬಜೆಟ್‌ನಲ್ಲಿ ಶೇ. 70ಕ್ಕೆ ಏರಿಸಿತು. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳೂ ಆಟಿಕೆಗಳ ಜೊತೆಗೇ ಇವೆ. ಡಬ್ಬಿಯ ಮೇಲಿನ ಬೆಲೆ ನೋಡಿ ಹಿಗ್ಗಿದವರು ಪಾರ್ಸೆಲ್ ಬಂದ ದಿನ ಕುಗ್ಗಬೇಕಾದೀತು. ತಿಂಗಳಿಗೊಂದರಂತೆ ಸಿಕ್ಕಿದ್ದನ್ನು ಕೊಳ್ಳುವುದಕ್ಕಿಂತ ವರ್ಷಕ್ಕೊಂದು, ಆರಿಸಿದ್ದು, ಸಾಕು.

ಒಳಗಿನಿಂದ ತಿನ್ನುವ ರೋಗ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಮಾದರಿಗಳ ದೇಹ ಝಮಾಕ್ ಎಂಬ ಮಿಶ್ರಲೋಹದ್ದು. ಬಹುಪಾಲು ಸತು, ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ. ಕರಗಿಸಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತುಂಬಿ ಎರಕ ಹೊಯ್ಯುತ್ತಾರೆ. ಆ ಸತು ಶುದ್ಧವಾಗಿರಬೇಕು. ಸೀಸ, ತವರ ಅಥವಾ ಕ್ಯಾಡ್ಮಿಯಂ ಅತ್ಯಲ್ಪ ಬೆರೆತರೂ ಲೋಹದ ಕಣಗಳ ನಡುವೆ ಸವೆತ ಶುರುವಾಗುತ್ತದೆ. ಸಂಗ್ರಹಕಾರರು ಇದನ್ನು ಸತುವಿನ ಪಿಡುಗು ಎನ್ನುತ್ತಾರೆ. ಮೊದಲು ಬಣ್ಣದ ಮೇಲೆ ಜೇಡರ ಬಲೆಯಂಥ ಗೆರೆ, ಆಮೇಲೆ ಉಬ್ಬು, ಬಿರುಕು, ಕೊನೆಗೆ ಮುಟ್ಟಿದರೆ ಪುಡಿ. ಹಳೆಯ ಕಾಲದ ಎರಕಗಳಲ್ಲಿ ಇದು ಹೆಚ್ಚು, ಆದರೆ ಇತ್ತೀಚಿನವುಗಳಲ್ಲೂ ಇಲ್ಲವೆಂದಲ್ಲ.

ಇದಕ್ಕೆ ಮದ್ದಿಲ್ಲ. ಪಕ್ಕದ ಮಾದರಿಗೆ ಅಂಟುವ ರೋಗವೂ ಅಲ್ಲ, ಹೆದರಬೇಡಿ. ದೋಷ ಹುಟ್ಟಿನಿಂದಲೇ ಬಂದದ್ದು. ಆದರೆ ತೇವ, ಸೆಕೆ ಎರಡೂ ಅದರ ವೇಗ ಹೆಚ್ಚಿಸುತ್ತವೆ. ಮುಂಬೈ, ಚೆನ್ನೈನ ಕಡಲ ಗಾಳಿಯಲ್ಲಿ ವಾಸಿಸುವ ನಾವು ಇದನ್ನು ಮರೆಯುವಂತಿಲ್ಲ. ಗಾಜಿನ ಬಾಗಿಲಿನ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ, ಮಳೆಗಾಲದಲ್ಲಿ ಬದಲಿಸುತ್ತಿರಿ. ಹೊರಗೋಡೆಗೆ ಒತ್ತಿ ಬೀರು ಇಡಬೇಡಿ, ಬಿಸಿಲೂ ಬೀಳದಿರಲಿ. ಧೂಳಿಗೆ ಮೆತ್ತನೆಯ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡ.

ಡಬ್ಬಿಯೊಳಗೆ ಮುಚ್ಚಿಟ್ಟರೆ ಕ್ಷೇಮ ಎಂದುಕೊಳ್ಳುವವರೂ ಇದ್ದಾರೆ. ಒಳಗಿನ ಮೆತ್ತನೆಯ ಸ್ಪಂಜು ವರ್ಷಗಳಲ್ಲಿ ಕರಗಿ ಬಣ್ಣಕ್ಕೆ ಮೆತ್ತಿಕೊಳ್ಳಬಹುದು. ಕೆಲವು ಬಗೆಯ ಮೃದು ಟೈರುಗಳು ತಾವು ತಾಗಿದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಆರು ತಿಂಗಳಿಗೊಮ್ಮೆಯಾದರೂ ಹೊರತೆಗೆದು ನೋಡಿ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಚಾಸಿಯ ಕೆಳಗೆ ಪುಟ್ಟ ಮರದ ತುಂಡು ಕೊಟ್ಟು ಟೈರಿನ ಮೇಲಿನ ಭಾರ ಇಳಿಸಿ.

ಒಂದು ಚೀಟಿ ಬರೆದಿಡಿ

ಕೊನೆಯದಾಗಿ ಒಂದು ಸಲಹೆ. ಈ ಯಂತ್ರಗಳು ನಮಗೆ ಪರದೇಶಿಗಳಲ್ಲ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯ ಬುಲ್‌ಡೋಜರ್‌ಗಳು ಕೆಜಿಎಫ್‌ನಲ್ಲಿ, ಡಂಪರ್‌ಗಳು ಮೈಸೂರಿನಲ್ಲಿ ತಯಾರಾಗುತ್ತವೆ. ಧಾರವಾಡದಿಂದ ಎಕ್ಸ್‌ಕವೇಟರ್‌ಗಳು ಹೊರಬರುತ್ತವೆ. ಅಣೆಕಟ್ಟೆಯಲ್ಲೋ ಗಣಿಯಲ್ಲೋ ಇಂಥ ಯಂತ್ರ ಓಡಿಸಿದ, ರಿಪೇರಿ ಮಾಡಿದ ಹಿರಿಯರು ನಿಮ್ಮ ಬಳಗದಲ್ಲೂ ಇರಬಹುದು.

ಮುಂದಿನ ಸಲ ಊರಿಗೆ ಹೋದಾಗ ಅವರ ಕೈಗೆ ಒಂದು ಮಾದರಿ ಕೊಟ್ಟು ನೋಡಿ. ಈ ಲಿವರ್ ಎಳೆದರೆ ಏನಾಗುತ್ತದೆ, ಯಾವ ಭಾಗ ಪದೇ ಪದೇ ಕೆಡುತ್ತಿತ್ತು, ರಾತ್ರಿ ಪಾಳಿಯಲ್ಲಿ ಕ್ಯಾಬಿನ್ ಹೇಗಿರುತ್ತಿತ್ತು ಎಂದು ಮಾತು ತಾನಾಗಿ ಹೊರಡುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಮಾದರಿಯ ಜೊತೆಗಿಡಿ. ಯಂತ್ರದ ಹೆಸರು, ಅಳತೆ, ಕೊಂಡ ವರ್ಷ, ಹೇಳಿದವರ ಹೆಸರು. ಅಸಲಿ ಯಂತ್ರಗಳು ಒಂದು ದಿನ ಗುಜರಿಗೆ ಹೋಗುತ್ತವೆ, ಓಡಿಸಿದವರೂ ಸದಾ ಇರುವುದಿಲ್ಲ. ಆ ಚೀಟಿ ಇಲ್ಲದಿದ್ದರೆ ಮುಂದೆ ನಿಮ್ಮ ಮನೆಯವರಿಗೆ ಅದು ನಿಜಕ್ಕೂ ಬರೀ ಆಟಿಕೆಯೇ.

ಇವತ್ತು ರಾತ್ರಿ ಟ್ರೇಲರಿನ ಹಿಂದೆ ಸಿಕ್ಕಿಕೊಂಡರೆ ಹಾರನ್ ಒತ್ತಬೇಡಿ. ರೇಡಿಯೋದ ದನಿ ಸ್ವಲ್ಪ ಏರಿಸಿ, ಮಗುವಿನ ಜೊತೆ ನೀವೂ ಚಕ್ರ ಎಣಿಸಿ. ಮತ್ತೆ ಸಿಗೋಣ.